ಉಳಿದ ಎಂಟಾಣೆ ಯಾರದು?

(ತಮಿಳುನಾಡಿನ ಡೆಂಕಣಿಕೋಟೆಯ ಒಂದು ದಿನಸಿ ಅಂಗಡಿ. ಎಂಬತ್ತು ದಾಟಿದ ತಾತ ಗಲ್ಲಾದ ಹಿಂದೆ. ಹೊಸೂರಿನಲ್ಲಿ ಲೆಕ್ಕಪತ್ರ ಬರೆಯುವ ಕೆಲಸದಲ್ಲಿರುವ ಮೊಮ್ಮಗಳು ಅಂಗಡಿಯ ತಿಂಗಳ ಲೆಕ್ಕ ಮುಗಿಸಲು ಕೂತಿದ್ದಾಳೆ.)

ಮೊಮ್ಮಗಳು: ತಾತ, ಈ ಡಬ್ಬಿ ತುಂಬ ಎಂಟಾಣೆ ಬಿಲ್ಲೆಗಳೇ ಇವೆ. ಯಾಕೆ ಹೀಗೆ ಮೂಲೆಗೆ ಹಾಕಿದ್ದೀಯ? ಇವು ಇನ್ನೂ ಚಲಾವಣೆಯಲ್ಲಿವೆ.

ತಾತ: ಹಾಗಂತ ಯಾರು ಹೇಳಿದ್ದು?

ಮೊಮ್ಮಗಳು: ಕಾನೂನು. 2011ರ ಜೂನ್ 30ಕ್ಕೆ ಒಂದು ಪೈಸೆಯಿಂದ ಇಪ್ಪತ್ತೈದು ಪೈಸೆವರೆಗಿನ ಬಿಲ್ಲೆಗಳನ್ನೆಲ್ಲ ಸರ್ಕಾರ ನಿಲ್ಲಿಸಿತು, ಐವತ್ತು ಪೈಸೆಯನ್ನು ಉಳಿಸಿಕೊಂಡಿತು. ಅದೇ ವರ್ಷದ ನಾಣ್ಯ ಕಾಯ್ದೆ ನೋಡು: ಹತ್ತು ರೂಪಾಯಿವರೆಗಿನ ಬಾಕಿಯನ್ನು ಎಂಟಾಣೆ ಬಿಲ್ಲೆಗಳಲ್ಲೇ ತೀರಿಸಬಹುದು.

ತಾತ: ಅಂದರೆ ಇಪ್ಪತ್ತು ಬಿಲ್ಲೆ. ಸರಿ, ಎಣಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಒಂದು ಟೀ ಕುಡಿದು ಬಾ ನೋಡೋಣ. ಬಿಲ್ಲೆ ನಡೆಯೋದು ಕಾನೂನಿನಿಂದ ಅಲ್ಲ ಕಣಮ್ಮ. ನಾನು ಇವತ್ತು ತಗೊಂಡರೆ ನಾಳೆ ಇನ್ನೊಬ್ಬ ನನ್ನಿಂದ ತಗೋತಾನೆ ಅನ್ನೋ ಧೈರ್ಯದಿಂದ. ಹತ್ತು ರೂಪಾಯಿ ಬಿಲ್ಲೆಗೆ ಏನಾಯ್ತು, ಮರೆತೆಯಾ?

ಮೊಮ್ಮಗಳು: ಹೇಗೆ ಮರೆಯಲಿ? ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದರೆ ನಕಲಿ ಅಂತ ಯಾರೋ ಹಬ್ಬಿಸಿದರು. ಹದಿನಾಲ್ಕು ವಿನ್ಯಾಸಗಳಲ್ಲಿ ಬಿಟ್ಟಿದ್ದೇವೆ, ಹದಿನಾಲ್ಕೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಹೇಳಿಕೆ ಕೊಟ್ಟಿತು. ಆಮೇಲೂ ತಮಿಳುನಾಡಿನ ಎಷ್ಟೋ ಊರುಗಳಲ್ಲಿ ಕೈಯಲ್ಲಿ ಹಿಡಿದವರಿಗೆ ಅದು ಹೊರೆಯೇ ಆಯ್ತು.

ತಾತ: ಧರ್ಮಪುರಿ ಜಿಲ್ಲೆಯ ಅರೂರಿನವರೊಬ್ಬರು 2022ರಲ್ಲಿ ಅಂಥ ಬಿಲ್ಲೆಗಳನ್ನೇ ಕೂಡಿಹಾಕಿ ಆರು ಲಕ್ಷದ ಕಾರು ತಗೊಂಡರಲ್ಲ. ಬಿಡಿಯಾಗಿ ಯಾರಿಗೂ ಬೇಡದ್ದು ಮೂಟೆ ಕಟ್ಟಿದ ಮೇಲೆ ಬೇಕಾಯ್ತು.

ಮೊಮ್ಮಗಳು: ಕಾಯ್ದೆಯಲ್ಲಿ ಇರೋದು ಇದಕ್ಕೆ ಉಲ್ಟಾ ತಾತ. ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬಿಲ್ಲೆಗಳನ್ನು ಸಾವಿರ ರೂಪಾಯಿವರೆಗೆ ಕೊಟ್ಟರೆ ಬೇಡ ಅನ್ನುವ ಹಾಗಿಲ್ಲ. ಅದನ್ನು ಮೀರಿದರೆ ತಗೊಳ್ಳಲೇಬೇಕು ಅಂತಿಲ್ಲ. ಟೀ ಅಂಗಡಿಯವನು ಬೇಡ ಅನ್ನುವ ಹಾಗಿರಲಿಲ್ಲ, ಅಂದ. ಕಾರು ಮಾರುವವರು ಬೇಡ ಅನ್ನಬಹುದಿತ್ತು, ಅನ್ನಲಿಲ್ಲ.

ತಾತ: ನಾನು ಹೇಳಿದ್ದೂ ಅದೇ. ಸಣ್ಣ ದುಡ್ಡಿಗೆ ಒಂದು ನ್ಯಾಯ, ಸಣ್ಣ ದುಡ್ಡಿನ ರಾಶಿಗೆ ಇನ್ನೊಂದು.

ಮೊಮ್ಮಗಳು: ಇರಬಹುದು. ಆದರೂ ಐವತ್ತು ಪೈಸೆಗೆ ಇಷ್ಟೊಂದು ಮರುಗಬೇಕಾ? ಬೆಲೆ ಏರಿತು, ಪೈಸೆ ಕರಗಿತು. ಅದಕ್ಕೆ ಯಾರನ್ನು ದೂರೋದು? ಒಂದು ರೂಪಾಯಿ ಬಿಲ್ಲೆ ಮಾಡೋಕೆ ಒಂದು ರೂಪಾಯಿ ಹನ್ನೊಂದು ಪೈಸೆ ಬೀಳುತ್ತೆ ಅಂತ 2018ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಬಂತು. ರೂಪಾಯಿಯ ಕಥೆಯೇ ಹೀಗಾದರೆ ಎಂಟಾಣೆಗೆ ಯಾರು ಲೋಹ ಸುರೀತಾರೆ?

ತಾತ: ಬಿಲ್ಲೆ ಹೋದದ್ದಕ್ಕೆ ನಾನು ಅಳ್ತಿಲ್ಲ. ಬಿಲ್ಲೆ ಹೋದರೂ ಲೆಕ್ಕದಲ್ಲಿ ಎಂಟಾಣೆ ಉಳಿಯುತ್ತೆ. ಆ ಉಳಿದದ್ದು ಯಾರ ಕಡೆ ಹೋಗುತ್ತೆ, ಅದನ್ನ ಕೇಳು. ನಾನು ಇದನ್ನ ಮೊದಲ ಸಲ ನೋಡಿದ್ದು 1957ರಲ್ಲಿ.

ಮೊಮ್ಮಗಳು: ಆಣೆ ಹೋಗಿ ನಯಾ ಪೈಸೆ ಬಂದಾಗ.

ತಾತ: ಏಪ್ರಿಲ್ 1ನೇ ತಾರೀಕು. ನಾನಾಗ ಸ್ಕೂಲಿಗೆ ಹೋಗೋ ಹುಡುಗ, ಬಿಟ್ಟ ಹೊತ್ತಲ್ಲಿ ನಮ್ಮಪ್ಪನ ಅಂಗಡಿಯಲ್ಲಿ ವೀಳ್ಯದೆಲೆ ಎಣಿಸೋದು. ಅದಕ್ಕೆ ಐದು ತಿಂಗಳ ಹಿಂದೆ ರಾಜ್ಯಗಳ ಗಡಿ ಬದಲಾಗಿತ್ತು. ಆ ಕಡೆ ಮೈಸೂರು ದೊಡ್ಡದಾಯ್ತು, ಹೊಸೂರು ಸೀಮೆ ಮದರಾಸಿನಲ್ಲೇ ಉಳೀತು. ಗಡಿ ವಿಷಯ ದೊಡ್ಡವರು ಮಾತಾಡಿಕೊಂಡರು. ಅಂಗಡಿ ಕಟ್ಟೆ ಮೇಲೆ ಜಗಳ ಆಗಿದ್ದು ಮಾತ್ರ ಪೈಸೆಗೆ. ಹೊಸ ಬಿಲ್ಲೆ ಮೇಲೆ ‘ರೂಪಾಯಿಯ ನೂರನೇ ಒಂದು ಭಾಗ’ ಅಂತ ಹಿಂದಿಯಲ್ಲಿ ಬರೆದಿತ್ತಂತೆ. ಇಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಆಡ್ತಿದ್ದೆವು, ಹಿಂದಿ ಓದೋರು ಯಾರು? ಆಕಾರ ನೋಡಿ ತಿಳ್ಕೊಂಡೆವು. ದುಂಡಗೆ ತಾಮ್ರದ ಬಣ್ಣ ಇದ್ದರೆ ಒಂದು, ಚೌಕ ಇದ್ದರೆ ಐದು, ಅಂಚು ಅಲೆಅಲೆಯಾಗಿ ಚಿಕ್ಕದಿದ್ದರೆ ಎರಡು, ದೊಡ್ಡದಿದ್ದರೆ ಹತ್ತು.

ಮೊಮ್ಮಗಳು: ನೂರರ ಲೆಕ್ಕ ಸುಲಭ ಅಲ್ವಾ? ಹದಿನಾರಾಣೆ, ಆಣೆಗೆ ಹನ್ನೆರಡು ಕಾಸು, ರೂಪಾಯಿಗೆ 192 ಕಾಸು. ಅದನ್ನ ಇಟ್ಕೊಂಡು ಹೇಗೆ ವ್ಯಾಪಾರ ಮಾಡಿದಿರೋ!

ತಾತ: ಕಾಗದದ ಮೇಲೆ ನೂರು ಸುಲಭ, ಕೈಯಲ್ಲಿ ಹದಿನಾರು ಸುಲಭ. ರೂಪಾಯಿಯ ಅರ್ಧ ಎಂಟಾಣೆ, ಅದರರ್ಧ ನಾಲ್ಕಾಣೆ, ಆಮೇಲೆ ಎರಡಾಣೆ, ಒಂದಾಣೆ, ಅರ್ಧಾಣೆ, ಕಾಲಾಣೆ. ಆರು ಸಲ ಎರಡು ಪಾಲು ಮಾಡಿದರೂ ಪಾಲಿಗೊಂದು ಬಿಲ್ಲೆ ಸಿಕ್ತಿತ್ತು. ನಿನ್ನ ನೂರನ್ನ ಐವತ್ತು ಮಾಡಬಹುದು, ಇಪ್ಪತ್ತೈದು ಮಾಡಬಹುದು, ಅಲ್ಲಿಗೆ ಮುಗೀತು. ಇನ್ನೊಂದು ಗುಟ್ಟು ಕೇಳು. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು, ಅಂದರೆ ಸೇರೂ ಹದಿನಾರೇ. ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ. ಸೇರಿಗೆ ಎಂಟಾಣೆ ಇದ್ದರೆ ಚಟಾಕಿಗೆ ಅರ್ಧಾಣೆ. ಓದು ಬರಹ ಇಲ್ಲದವಳೂ ಚೀಲ ಬಿಚ್ಚೋ ಮುಂಚೆ ಲೆಕ್ಕ ಹೇಳ್ತಿದ್ದಳು, ಅವಳಿಗೆ ಮೋಸ ಮಾಡೋದು ಕಷ್ಟ ಇತ್ತು.

ಮೊಮ್ಮಗಳು: ಕಿಲೋದಲ್ಲೂ ಅಂಥದ್ದೊಂದು ಇದೆ. ಕಿಲೋಗೆ ಎಷ್ಟು ರೂಪಾಯಿಯೋ ಹತ್ತು ಗ್ರಾಮಿಗೆ ಅಷ್ಟೇ ಪೈಸೆ.

ತಾತ: ಆ ಪೈಸೆ ಕೈಯಲ್ಲಿದ್ದಾಗ ಸರಿ. ಈಗ ನಾನು ಹೇಳೋಕೆ ಹೊರಟಿದ್ದು ಕಾಲಾಣೆ ಕಥೆ. ಕಾಲಾಣೆ ಅಂದರೆ ಮೂರು ಕಾಸು. ಯುದ್ಧದ ಕಾಲದಲ್ಲಿ ತಾಮ್ರ ಉಳಿಸೋಕೆ ಅಂತ ನಡುವೆ ತೂತು ಹೊಡೆದು ಅಚ್ಚು ಹಾಕಿದ್ದರು. ಮಕ್ಕಳು ಉಡುದಾರಕ್ಕೆ ಪೋಣಿಸಿಕೊಳ್ತಿದ್ದರು. ಅದು ಹೊಸ ಲೆಕ್ಕದಲ್ಲಿ ಎಷ್ಟಾಯ್ತು, ನೀನೇ ಹೇಳು.

ಮೊಮ್ಮಗಳು: ನೂರನ್ನ ಅರವತ್ತನಾಲ್ಕರಿಂದ ಭಾಗಿಸಿದರೆ 1.5625 ಪೈಸೆ.

ತಾತ: ಒಂದೂವರೆ ಚಿಲ್ಲರೆ ಪೈಸೆಗೆ ಬಿಲ್ಲೆ ಇಲ್ಲ. ಸರ್ಕಾರ ಒಂದು ಪಟ್ಟಿ ಕೊಟ್ಟಿತ್ತು, ಅಂಗಡಿಗಳಲ್ಲಿ ಗೋಡೆಗೆ ಅಂಟಿಸ್ತಿದ್ದರು. ಕಾಲಾಣೆಗೆ ಎರಡು ನಯಾ ಪೈಸೆ, ಅರ್ಧಾಣೆಗೆ ಮೂರು, ಮುಕ್ಕಾಲಾಣೆಗೆ ಐದು, ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು.

ಮೊಮ್ಮಗಳು: ಹತ್ತಿರದ ಪೈಸೆಗೆ ತಂದಿದ್ದಾರೆ. ಕೆಲವು ಕಡೆ ಮೇಲೆ, ಕೆಲವು ಕಡೆ ಕೆಳಗೆ. ನ್ಯಾಯವಾಗೇ ಇದೆ.

ತಾತ: ಪಟ್ಟಿ ನ್ಯಾಯವಾಗಿತ್ತು. ಅದನ್ನ ಹಿಡ್ಕೊಂಡು ಅಂಗಡಿಗೆ ಬರೋರು ಒಂದೇ ಥರ ಇರಲಿಲ್ಲ. ಕಾಲಾಣೆ ಎಲೆಯಡಿಕೆಗೆ ಕೂಲಿಯವನು ದಿನಾ ಬರ್ತಾನೆ, ಎರಡು ಪೈಸೆ ಕೊಡ್ತಾನೆ. ನಾಲ್ಕು ದಿನಕ್ಕೆ ಎಂಟು ಪೈಸೆ. ಒಂದಾಣೆದು ಒಟ್ಟಿಗೆ ಕಟ್ಟಿಸಿಕೊಂಡು ಹೋಗೋ ಮನೆಯವರು ಅಷ್ಟೇ ಎಲೆಗೆ ಆರು ಪೈಸೆ ಕೊಡ್ತಾರೆ.

ಮೊಮ್ಮಗಳು: ತಡಿ. ಒಂದು ರೂಪಾಯಿ ಸಾಮಾನನ್ನ ಕಾಲಾಣೆ ಕಾಲಾಣೆಯಾಗಿ ಅರವತ್ತನಾಲ್ಕು ಸಲ ತಗೊಂಡರೆ 128 ಪೈಸೆ. ಬಡವನ ರೂಪಾಯಿಗೆ ಇಪ್ಪತ್ತೆಂಟು ಪೈಸೆ ದಂಡ!

ತಾತ: ಹಳೇ ಮೂರುಕಾಸು ಓಡಾಡ್ತಿರೋವರೆಗೆ ಅದನ್ನೇ ಕೊಟ್ಟು ತಪ್ಪಿಸಿಕೊಂಡರು. ಅದು ಮರೆಯಾದ ಮೇಲೆ ಎರಡು ಪೈಸೆಯೇ ಬೆಲೆ ಆಗಿಹೋಯ್ತು. 1964ರಲ್ಲಿ ‘ನಯಾ’ ಅನ್ನೋದನ್ನ ಕಿತ್ತು ಬರೀ ಪೈಸೆ ಅಂದರು. ಅಷ್ಟೊತ್ತಿಗೆ ಜಗಳಾನೂ ಹಳತಾಗಿತ್ತು.

ಮೊಮ್ಮಗಳು: ಈ ಊರಿಗೆ ನಾಣ್ಯ ಬದಲಾಗೋದು ಹೊಸದಲ್ಲ ಅನ್ನು. ನಮ್ಮ ದೇವರ ಪೆಟ್ಟಿಗೆಯಲ್ಲಿ ಆನೆ ಗುರುತಿನ ತಾಮ್ರದ ಬಿಲ್ಲೆ ಇದೆಯಲ್ಲ, ಅದು ಟಿಪ್ಪು ಕಾಲದ್ದಿರಬೇಕು. ಅವನು ತಾಮ್ರಕ್ಕೂ ಆಕಾಶದ ಹೆಸರಿಟ್ಟಿದ್ದ: ಪೈಸೆಗೆ ಜೋಹ್ರಾ, ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್, ಮಂಗಳ, ಕಾಲು ಪೈಸೆಗೆ ಅಖ್ತರ್, ನಕ್ಷತ್ರ, ಅದರರ್ಧಕ್ಕೆ ಕುತುಬ್, ಧ್ರುವ. ಅತಿ ಚಿಕ್ಕ ಬಿಲ್ಲೆಗೆ ಅಲುಗಾಡದ ನಕ್ಷತ್ರದ ಹೆಸರು.

ತಾತ: ಬಿಲ್ಲೆ ಮಾತ್ರ ಅಲುಗಾಡಿತು. ನಮ್ಮ ಹಿರಿಯರು ನಾಣ್ಯ ಬದಲಿಸಿಕೊಡೋ ಶರಾಫನ ಕಟ್ಟೆಗೆ ಹೋಗಿ ವಟ್ಟ ತೆತ್ತ ಕಥೆ ಹೇಳ್ತಿದ್ದರು.

ಮೊಮ್ಮಗಳು: 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಸೇಲಂ, ಬಾರಾಮಹಲು ಈಸ್ಟ್ ಇಂಡಿಯಾ ಕಂಪನಿಗೆ ಹೋದವು. ಘಟ್ಟದ ಮೇಲಿನ ಹೊಸೂರು, ಡೆಂಕಣಿಕೋಟೆ 1799ರವರೆಗೆ ಮೈಸೂರಿನಲ್ಲೇ ಇದ್ದವು. ಆ ಏಳು ವರ್ಷ ರಾಯಕೋಟೆಯಲ್ಲಿ ಕಂಪನಿ, ಇಲ್ಲಿ ಟಿಪ್ಪು. ಇಲ್ಲಿ ಆನೆ ಪೈಸೆ, ಕಂಠೀರವಿ ಹಣ. ಕಂಪನಿಯ ಮದರಾಸಿನ ಲೆಕ್ಕದಲ್ಲಿ ಎಂಬತ್ತು ಕಾಸಿಗೊಂದು ಹಣ, ನಲವತ್ತೆರಡು ಹಣಕ್ಕೊಂದು ವರಹ. ಕಂಠೀರವಿ ಹಣವಂತೂ ಕಾಳಿನಷ್ಟು ಚಿನ್ನ, ಅರ್ಧ ಗ್ರಾಮೂ ತೂಗಲ್ಲ. ಹತ್ತು ಸೇರಿದರೆ ಕಂಠೀರವಿ ವರಹ ಅಂತ ಎಣಿಸ್ತಿದ್ದರು, ಆ ವರಹ ಬಿಲ್ಲೆಯಾಗಿ ಇರಲೇ ಇಲ್ಲ, ಲೆಕ್ಕದಲ್ಲಷ್ಟೇ. ಆಮೇಲೆ ಕಂಪನಿಯ ತಾಮ್ರದ ಹತ್ತು ಕಾಸು, ಇಪ್ಪತ್ತು ಕಾಸು ಬರ್ಮಿಂಗ್ಹಾಮಿನ ಉಗಿ ಯಂತ್ರದಲ್ಲಿ ಅಚ್ಚಾಗಿ ಹಡಗಿನಲ್ಲಿ ಬಂದವು. 1809ರ ಜನವರಿಯಲ್ಲಿ ಅಂಥ ಕಾಸು ತುಂಬಿದ ‘ಅಡ್ಮಿರಲ್ ಗಾರ್ಡ್ನರ್’ ಹಡಗು ಇಂಗ್ಲೆಂಡಿನ ತೀರದಲ್ಲೇ ಮುಳುಗಿತು. ಮದರಾಸಿನ ಸಂತೆಗೆ ಬರಬೇಕಿದ್ದ ಚಿಲ್ಲರೆ ಅಲ್ಲಿನ ಮರಳಿನಲ್ಲಿ ಉಳಿದುಹೋಯ್ತು.

ತಾತ: ನೋಡು, ಕಾಸು ಅಂದರೆ ಯಾರಿಗೂ ಬೇಡದ್ದು ಅಂತೀಯ. ಬೇಡದ್ದನ್ನ ಆಫ್ರಿಕಾ ಸುತ್ತಿಸಿ ಯಾಕೆ ತರ್ತಿದ್ದರು? ಚಿನ್ನದ ವರಹ ಇಟ್ಕೊಂಡು ಉಪ್ಪು ತರೋಕೆ ಆಗಲ್ಲ. ರಾಜ್ಯ ನಡೆಯೋದು ವರಹದಿಂದ, ಸಂತೆ ನಡೆಯೋದು ಕಾಸಿನಿಂದ.

ಮೊಮ್ಮಗಳು: ಕಾಸಿಲ್ಲದಿದ್ದರೂ ಈಗ ಸಂತೆ ನಡೀತಿದೆ. ಕಂಪನಿಗಳು ಸಾಮಾನನ್ನೇ ಬಿಲ್ಲೆಗೆ ಸರಿಯಾಗಿ ಕತ್ತರಿಸಿ ಕೊಡ್ತವೆ. ಶಾಂಪೂ ಬಾಟಲಿಯಲ್ಲಿದ್ದದ್ದನ್ನ ಚಿಕ್ಕ ಪೊಟ್ಟಣಕ್ಕೆ ಇಳಿಸಿದವರು ನಮ್ಮ ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್. ಇವತ್ತು ನಿನ್ನ ಅಂಗಡಿ ತುಂಬ ತೂಗುಬಿದ್ದಿರೋ ಸರಗಳೆಲ್ಲ ಒಂದು, ಎರಡು, ಐದು, ಹತ್ತರವೇ. ಚಿಲ್ಲರೆ ಸಮಸ್ಯೆ ಎಲ್ಲಿ?

ತಾತ: ಬೆಂಕಿಪೆಟ್ಟಿಗೆ ನೋಡಿದ್ದೀಯಾ? 1995ರಲ್ಲಿ ನಾಲ್ಕಾಣೆಯಿಂದ ಎಂಟಾಣೆ ಆಯ್ತು. 2007ರಲ್ಲಿ ಎಂಟಾಣೆಯಿಂದ ಒಂದು ರೂಪಾಯಿ. 2021ರ ಡಿಸೆಂಬರ್ 1ಕ್ಕೆ ಎರಡು ರೂಪಾಯಿ. ಪ್ರತಿ ಸಲ ನೇರ ಎರಡರಷ್ಟು.

ಮೊಮ್ಮಗಳು: ಹದಿನಾಲ್ಕು ವರ್ಷ ಒಂದೇ ಬೆಲೆಯಲ್ಲಿ ಕೊಟ್ಟರಲ್ಲ, ರಂಜಕ, ಮೇಣ, ಅಟ್ಟೆ ಎಲ್ಲದರ ಬೆಲೆ ಏರಿದರೂ.

ತಾತ: ಅದೇ ನಾನು ಹೇಳೋದು. ನಡುವೆ ಒಂದೂಕಾಲು, ಒಂದೂವರೆ ಅಂತ ಮೆಟ್ಟಿಲು ಇದ್ದಿದ್ದರೆ ಶಿವಕಾಶಿ, ಸಾತ್ತೂರಿನವರು ಹದಿನಾಲ್ಕು ವರ್ಷ ಹಲ್ಲುಕಚ್ಚಿ ಕೂರಬೇಕಿರಲಿಲ್ಲ, ಕೊಳ್ಳುವವನೂ ಒಂದೇ ದಿನ ಎರಡರಷ್ಟು ಕೊಡಬೇಕಿರಲಿಲ್ಲ. ಕೊನೆಗೆ ಎರಡು ರೂಪಾಯಿ ಮಾಡುವಾಗ ಮೂವತ್ತಾರು ಇದ್ದ ಕಡ್ಡಿಗಳನ್ನ ಐವತ್ತು ಮಾಡ್ತೀವಿ ಅಂದರು. ಬಿಲ್ಲೆ ಜಗ್ಗಲಿಲ್ಲ, ಕಡ್ಡಿ ಜಗ್ಗಿತು.

ಮೊಮ್ಮಗಳು: ನಂದಿನಿ ಹಾಲಿನದ್ದೂ ಹೀಗೇ ಆಯ್ತು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ ಎರಡು ರೂಪಾಯಿ ಏರಿಸಿ ಐವತ್ತು ಮಿಲಿ ಜಾಸ್ತಿ ಹಾಕಿದರು, ಅರ್ಧ ಲೀಟರು 550 ಮಿಲಿ ಆಯ್ತು. 2025ರ ಏಪ್ರಿಲ್‌ನಲ್ಲಿ ಬೆಲೆ ಮತ್ತೆ ಏರಿತು, ಅಳತೆ ಹಳೇ ಅರ್ಧ ಲೀಟರಿಗೆ ಇಳೀತು. ನಮ್ಮ ಆವಿನ್ ಹಾಲಿಗೆ 2021ರ ಮೇನಲ್ಲಿ ಲೀಟರಿಗೆ ಮೂರು ರೂಪಾಯಿ ಇಳಿಸಿದರು. ಅರ್ಧ ಲೀಟರಿನ ಪ್ಯಾಕೆಟ್ಟಿಗೆ ಒಂದೂವರೆ. ಅಲ್ಲೂ ನಿನ್ನ ಎಂಟಾಣೆಯೇ ಬಂತು.

ತಾತ: ಅಣ್ಣಾದುರೈ ಅವರು 1967ರ ಚುನಾವಣೆಯಲ್ಲಿ ರೂಪಾಯಿಗೆ ಮೂರು ಪಡಿ ಅಕ್ಕಿ ಅಂದದ್ದು ಇದೇ ಲೆಕ್ಕ. ಪಡಿಗೆ ಇಷ್ಟು ಪೈಸೆ ಅಂದಿದ್ದರೆ ಯಾರ ಬಾಯಲ್ಲೂ ನಿಲ್ತಿರಲಿಲ್ಲ. ಕೂಲಿಯವಳ ಕೈಯಲ್ಲಿರೋದು ಒಂದು ರೂಪಾಯಿ, ಅದಕ್ಕೆ ಎಷ್ಟು ಬರುತ್ತೆ ಅಂತ ಹೇಳಿದರು. ಗೆದ್ದ ಮೇಲೆ ಮದರಾಸು, ಕೊಯಮತ್ತೂರಿನಲ್ಲಿ ಒಂದು ಪಡಿ ಕೊಟ್ಟರು.

ಮೊಮ್ಮಗಳು: 2008ರ ಸೆಪ್ಟೆಂಬರ್‌ನಲ್ಲಿ ಪಡಿತರ ಅಕ್ಕಿ ಕಿಲೋಗೆ ಒಂದು ರೂಪಾಯಿ ಆಯ್ತು, 2011ರ ಜೂನ್‌ನಲ್ಲಿ ಉಚಿತ. ಟೌನ್ ಬಸ್ಸಿನಲ್ಲೂ 2021ರಿಂದ ಹೆಂಗಸರಿಗೆ ಸೊನ್ನೆ ರೂಪಾಯಿ ಚೀಟಿ. ಕಂಡಕ್ಟರು ಚೀಟಿಯ ಹಿಂದೆ ಬಾಕಿ ಬರೆದುಕೊಟ್ಟು ಇಳಿಯುವಾಗ ಮರೆಯೋದು ತಪ್ಪಿತು. ಸೊನ್ನೆಗೆ ಚಿಲ್ಲರೆ ಕೇಳೋ ಹಾಗಿಲ್ಲ.

ತಾತ: ಸೊನ್ನೆ ಆದ ಕಡೆ ಜಗಳ ಇಲ್ಲ, ಒಪ್ಪಿದೆ. ಉಳಿದ ಕಡೆ? ಪೈಸೆ ಕರಗಿತು ಅಂತ ನೀನಂದೆ. ರಾಯಕೋಟೆ ಟೊಮೇಟೊ ಮಂಡಿಗೆ ಹೋಗಿ ಹೇಳು ಆ ಮಾತನ್ನ. ಬೆಲೆ ಬಿದ್ದ ದಿನ ರೈತ ಕಿಲೋಗೆ ಎಂಟಾಣೆ ಜಾಸ್ತಿ ಕೊಡಿ ಅಂತ ಅಂಗಲಾಚ್ತಾನೆ. ಒಂದು ಲಾರಿಗೆ ಹತ್ತು ಟನ್ ಅಂತಿಟ್ಟುಕೋ.

ಮೊಮ್ಮಗಳು: ಹತ್ತು ಸಾವಿರ ಕಿಲೋಗೆ ಐದು ಸಾವಿರ ರೂಪಾಯಿ.

ತಾತ: ಅಲ್ಲಿ ಎಂಟಾಣೆಗೆ ಜೀವ ಇದೆಯೋ ಇಲ್ವೋ? ಪೆಟ್ರೋಲ್ ಬಂಕಿನ ಹಲಗೆ ನೋಡು, ರೂಪಾಯಿ ಪಕ್ಕದಲ್ಲಿ ಎರಡಂಕಿ ಪೈಸೆ ಮಿನುಗುತ್ತೆ. ಒಂದು ಪೈಸೆಯನ್ನೂ ಅವರು ಬಿಟ್ಟಿಲ್ಲ. ಗುಣಿಸೋರ ಕೈಯಲ್ಲಿ ಪೈಸೆ ಬದುಕಿದೆ. ಒಂದೊಂದಾಗಿ ಎಣಿಸಿ ಕೊಡೋರ ಕೈಯಲ್ಲಿ ಸತ್ತಿದೆ. ಇದೇ ನಾನು ಅರವತ್ತು ಎಪ್ಪತ್ತು ವರ್ಷ ಈ ಗಲ್ಲಾ ಹಿಂದೆ ಕೂತು ಕಂಡದ್ದು.

ಮೊಮ್ಮಗಳು: ಗಲ್ಲಾ ಮಾತೆತ್ತಿದ್ದು ಒಳ್ಳೇದಾಯ್ತು. ನಾನು ನಿನ್ನ ಪುಸ್ತಕವನ್ನೇ ನೋಡ್ತಿದ್ದೀನಿ. ಬಿಡಿ ಸಕ್ಕರೆ ಕಿಲೋ ನಲವತ್ತೈದು. ನೂರು ಗ್ರಾಮಿಗೆ ನಾಲ್ಕೂವರೆ ಆಗಬೇಕು, ನೀನು ಐದು ಬರೆದಿದ್ದೀಯ. ಇಲ್ಲಿ ನೋಡು, ದೊಡ್ಡಮನೆಯವರ ತಿಂಗಳ ಸಾಮಾನು 2,503 ರೂಪಾಯಿ, ನೀನು ತಗೊಂಡದ್ದು 2,500.

ತಾತ: ಅಷ್ಟು ದೊಡ್ಡ ಗಿರಾಕಿಗೆ ಮೂರು ರೂಪಾಯಿ ಬಿಡದೆ ಇರೋಕಾಗುತ್ತಾ? ವ್ಯಾಪಾರ ಅಂದರೆ ಮುಖ ನೋಡಬೇಕು.

ಮೊಮ್ಮಗಳು: ಮುಖ ನೋಡಿಯೇ ದೊಡ್ಡ ಚೀಟಿಯನ್ನ ಕೆಳಕ್ಕೆ ಇಳಿಸಿದ್ದೀಯ, ಚಿಕ್ಕ ಚೀಟಿಯನ್ನ ಮೇಲಕ್ಕೆ ಏರಿಸಿದ್ದೀಯ. ಸಕ್ಕರೆಯನ್ನ ಒಂದು ಕಿಲೋ ತಗೊಂಡವನಿಗೆ ನಲವತ್ತೈದು. ನೂರು ಗ್ರಾಮಿನಂತೆ ಹತ್ತು ಸಲ ತಗೊಂಡವನಿಗೆ ಐವತ್ತು. 1957ರ ಎಲೆಯಡಿಕೆಗೂ ಇದಕ್ಕೂ ಏನು ವ್ಯತ್ಯಾಸ? ಆಗ ಸರ್ಕಾರದ ಪಟ್ಟಿಯಾದರೂ ಗೋಡೆ ಮೇಲಿತ್ತು.

ತಾತ: ನಾಲ್ಕೂವರೆ ತಗೊಳ್ಳೋಕೆ ನಾನು ರೆಡಿ. ಎಂಟಾಣೆ ಎಲ್ಲಿ? ಒಂದು ಚಾಕಲೇಟ್ ಕೈಗಿಟ್ಟರೆ ಅದಕ್ಕೂ ಮುನಿಸು.

ಮೊಮ್ಮಗಳು: ಚಿಲ್ಲರೆ ಬದಲು ಚಾಕಲೇಟ್ ತಗೊಳ್ಳಬೇಕು ಅಂತ ಯಾವ ಕಾನೂನೂ ಇಲ್ಲ. ಅವರು ಅದೇ ಚಾಕಲೇಟನ್ನ ವಾಪಸ್ ಕೊಟ್ಟರೆ ನೀನು ದುಡ್ಡಂತ ತಗೋತೀಯಾ?

ತಾತ: ಇದಕ್ಕೆಲ್ಲ ಬೇರೆ ದೇಶದವರು ಏನು ಮಾಡ್ತಾರಂತೆ?

ಮೊಮ್ಮಗಳು: ಕೆನಡಾದವರು 2013ರಲ್ಲಿ ಒಂದು ಸೆಂಟಿನ ಬಿಲ್ಲೆ ಹಂಚೋದನ್ನ ನಿಲ್ಲಿಸಿದರು. ಜೊತೆಗೆ ಸರಳವಾದ ಒಂದು ಪದ್ಧತಿ ಹೇಳಿಕೊಟ್ಟರು. ಒಂದೊಂದು ಸಾಮಾನಿನ ಬೆಲೆಯನ್ನ ಸರಿ ಮಾಡಬಾರದು. ಎಲ್ಲ ಕೂಡಿ, ತೆರಿಗೆಯೂ ಸೇರಿ ಬಂದ ಮೊತ್ತವನ್ನ ಮಾತ್ರ ಹತ್ತಿರದ ಐದು ಸೆಂಟಿಗೆ ತರಬೇಕು, ಮೇಲಾದರೂ ಸರಿ, ಕೆಳಗಾದರೂ ಸರಿ. ಅದೂ ನಗದು ಕೊಟ್ಟರೆ ಮಾತ್ರ, ಕಾರ್ಡಿನಲ್ಲಿ ಕೊಟ್ಟರೆ ಸೆಂಟಿನ ತನಕ ನಿಖರ. ಅಮೆರಿಕದವರು 2025ರ ನವೆಂಬರ್‌ನಲ್ಲಿ ಚಲಾವಣೆಗೆ ಅಂತ ಮಾಡೋ ಕೊನೆಯ ಪೆನ್ನಿಗೆ ಅಚ್ಚು ಹಾಕಿದರು. ಅಲ್ಲೂ ಈಗ ಇದೇ ಪ್ರಶ್ನೆ: ಉಳಿದದ್ದು ಯಾರ ಕಡೆಗೆ?

ತಾತ: ಕೆನಡಾ ಪದ್ಧತಿ ಒಟ್ಟಿಗೆ ತಗೊಳ್ಳೋರಿಗೆ ಚೆಂದ. ಒಂದೇ ಸಾಮಾನು ತಗೊಳ್ಳೋನಿಗೆ ಒಂದೇ ಸಾಮಾನು ಒಟ್ಟು ಮೊತ್ತ.

ಮೊಮ್ಮಗಳು: ಅದಕ್ಕೇ ಅಲ್ವಾ ಯುಪಿಐ ಇರೋದು? ನಾಲ್ಕು ರೂಪಾಯಿ ಐವತ್ತು ಪೈಸೆ ಅಂತ ಒತ್ತಿದರೆ ಹೋಗುತ್ತೆ. ನಿನ್ನ ಡಬ್ಬಿಯಲ್ಲಿ ಸತ್ತ ಪೈಸೆ ಫೋನಿನಲ್ಲಿ ಎದ್ದು ಕೂತಿದೆ.

ತಾತ: ಎದ್ದು ಕೂತಿದೆ, ಯಾರೂ ಮಾತಾಡಿಸಲ್ಲ. ನೀನೇ ನೋಡು, ಸ್ಕ್ಯಾನ್ ಮಾಡಿ ಕೊಡೋರಿಗೂ ನಾನು ಐದೇ ಹೇಳ್ತೀನಿ, ಅವರೂ ಐದೇ ಒತ್ತುತಾರೆ. ಟೀ ಹತ್ತು, ಹನ್ನೆರಡು, ಹದಿನೈದು ಅಂತ ಏರುತ್ತೆ ಹೊರತು ಹತ್ತೂಮುಕ್ಕಾಲು ಆಗಲ್ಲ. ಬಿಲ್ಲೆ ಹೋದರೂ ಬಿಲ್ಲೆಯ ಹೆಜ್ಜೆ ಬೆಲೆಯಲ್ಲಿ ಉಳಿದಿದೆ. ಫೋನಿನಿಂದ ಒಂದು ಆಯ್ತು: ಬಿಡೋದು ನಿಂತಿತು. ದೊಡ್ಡಮನೆಯ ಹುಡುಗ 2,503 ಅಂದರೆ 2,503 ಒತ್ತುತಾನೆ. ಮೂರು ರೂಪಾಯಿ ಬಿಟ್ಟುಬಿಡಿ ಅನ್ನೋದು ಅವರಪ್ಪ, ನೋಟು ಹಿಡ್ಕೊಂಡು ಬಂದಾಗ. ಇನ್ನು ಬೆಟ್ಟಮುಗಿಲಾಳದ ಕಡೆಯಿಂದ ಹುಣಸೆ, ಹಲಸು ಹೊತ್ತು ಇಳಿಯೋ ಮುದುಕಿಗೆ ಫೋನು ಎಲ್ಲಿಂದ ತರೋಣ?

ಮೊಮ್ಮಗಳು: ಸರಿ, ಫೋನು ಅರ್ಧ ಉತ್ತರ. ಒಂದು ವಿಷಯ ಯೋಚನೆ ಮಾಡಿದ್ದೀಯಾ? ಮದುವೆ ಮುಯ್ಯಿಗೆ ನೂರು ಕೊಡುವಾಗ ಮೇಲೆ ಒಂದು ಇಡ್ತೀವಿ. ಐನೂರಕ್ಕೆ ಒಂದು, ಸಾವಿರಕ್ಕೂ ಒಂದು. ಆ ಒಂದನ್ನ ಯಾರೂ ಸರಿ ಮಾಡಿ ನೂರಕ್ಕೆ ಇಳಿಸಲ್ಲ.

ತಾತ: ಸೊನ್ನೆಯಲ್ಲಿ ನಿಂತರೆ ಲೆಕ್ಕ ಮುಗಿದ ಹಾಗೆ. ಒಂದು ಇದ್ದರೆ ಮುಂದಿನ ಸಲ ಅವರು ನಮ್ಮ ಮನೆಗೆ ಬರಬೇಕು, ಕೊಡಬೇಕು. ಬೇಟರಾಯಸ್ವಾಮಿಗೆ ಹರಕೆ ಹೊತ್ತವರು ಅರಿಶಿನ ಬಟ್ಟೆಯಲ್ಲಿ ಮುಡಿಪು ಕಟ್ಟೋದೂ ಬಿಲ್ಲೆಯನ್ನೇ. ಕಳಶಕ್ಕೆ ಹಾಕೋದು ಬಿಲ್ಲೆ, ಹೆಣದ ಹಣೆಗೆ ಇಡೋದೂ ಬಿಲ್ಲೆ. ಅಲ್ಲೆಲ್ಲ ಒಂದು ರೂಪಾಯಿ ಅಂದರೆ ಪೂರ್ತಿ ಒಂದು, ಎಷ್ಟಕ್ಕೆ ಸಮ ಅಂತ ಯಾರೂ ಕೇಳಲ್ಲ.

ಮೊಮ್ಮಗಳು: ನೋಡು, ಶುಭಕ್ಕೂ ಅಶುಭಕ್ಕೂ ಸಣ್ಣದನ್ನ ಇಷ್ಟು ಮರ್ಯಾದೆಯಿಂದ ನೋಡ್ತೀವಿ. ವ್ಯಾಪಾರಕ್ಕೆ ಕೂತಾಗ ಮಾತ್ರ ಚಿಲ್ಲರೆ ವಿಷಯ ಅಂತ ತಳ್ಳಿಬಿಡ್ತೀವಿ.

ತಾತ: ಮೊದಲು ಹೀಗಿರಲಿಲ್ಲ. ತಕ್ಕಡಿ ಇದ್ದ ಕಾಲದಲ್ಲಿ ಕೊಸರು ಅಂತ ಒಂದಿತ್ತು. ತೂಗಿದ ಮೇಲೆ ಕೈಯಲ್ಲಿ ಹಿಡಿದು ಇನ್ನಷ್ಟು ಹಾಕೋದು. ಕೊಸರು ಹಾಕಲಿಲ್ಲ ಅಂದರೆ ಹೆಂಗಸರು ಚೀಲ ಮಡಿಸ್ತಿರಲಿಲ್ಲ, ನಿಂತೇ ಇರ್ತಿದ್ದರು. ಬೆಲೆಯಲ್ಲಿ ಕಾಸಿಗಿಂತ ಚಿಕ್ಕದು ಉಳಿದರೆ ಅದು ಕೊಸರಿನಲ್ಲಿ ತೀರಿಹೋಗ್ತಿತ್ತು. ಕಾಸಿಗಿಂತ ಸಣ್ಣ ನಾಣ್ಯ ಅಂದರೆ ಅದೇ.

ಮೊಮ್ಮಗಳು: ಅದು ಯಾವಾಗ ನಿಂತಿತು?

ತಾತ: ಈ ಕರೆಂಟು ತಕ್ಕಡಿ ಬಂದ ಮೇಲೆ. ಅದು ಗ್ರಾಂ ಗ್ರಾಂ ತೋರಿಸುತ್ತೆ. ನೂರು ಅಂತ ಬಂದರೆ ಕೈ ತಾನಾಗೇ ನಿಲ್ಲುತ್ತೆ. ಒಂದು ಕಾಳು ಹೆಚ್ಚಾದರೆ ಅಂಕಿ ಹೇಳಿಬಿಡುತ್ತಲ್ಲ.

ಮೊಮ್ಮಗಳು: ತಾತ, ಇದು ನೋಡು. ಹಳೇ ತಕ್ಕಡಿ ಒರಟು, ಕಾಸು ಸಣ್ಣದು. ಈಗ ತಕ್ಕಡಿ ಸೂಕ್ಷ್ಮ ಆಯ್ತು, ಬಿಲ್ಲೆ ಒರಟಾಯ್ತು. ಸಾಮಾನು ಕೊಡುವಾಗ ಒಂದು ಗ್ರಾಮೂ ಹೆಚ್ಚಾಗಲ್ಲ, ದುಡ್ಡು ತಗೊಳ್ಳುವಾಗ ಎಂಟಾಣೆ ಲೆಕ್ಕಕ್ಕೇ ಬರಲ್ಲ. ಎರಡೂ ಬದಲಾವಣೆ ನಮ್ಮ ಕಡೆಗೇ ವಾಲಿವೆ, ನೂರು ಗ್ರಾಂ ತಗೊಳ್ಳೋನ ಕಡೆಗೆ ಒಂದೂ ಇಲ್ಲ.

ತಾತ: ಒಂದು ಎಂಟಾಣೆಗೆ ಇಷ್ಟು ದೊಡ್ಡ ತೀರ್ಪಾ?

ಮೊಮ್ಮಗಳು: ಗುಣಿಸೋರ ಕೈಯಲ್ಲಿ ಪೈಸೆ ಬದುಕಿದೆ ಅಂದವನು ನೀನೇ. ಹಾಗಾದರೆ ಅವನ ಪರವಾಗಿ ನಾನು ಗುಣಿಸ್ತೀನಿ. ದಿನಾ ನೂರು ಗ್ರಾಂ ತಗೊಳ್ಳೋನು ವರ್ಷಕ್ಕೆ ಮುನ್ನೂರು ದಿನ ಬಂದರೆ ನೂರೈವತ್ತು ರೂಪಾಯಿ ನಿನಗೆ ಹೆಚ್ಚಿಗೆ ಕೊಟ್ಟಿರ್ತಾನೆ. ದೊಡ್ಡಮನೆಯವರಿಗೆ ತಿಂಗಳಿಗೆ ಮೂರರಂತೆ ನೀನು ವರ್ಷಕ್ಕೆ ಬಿಟ್ಟಿರೋದು ಮೂವತ್ತಾರು. ಈಗ ಹೇಳು, ಯಾರು ದೊಡ್ಡ ಗಿರಾಕಿ?

ತಾತ: ಹೂಂ... ಹಾಗಾದರೆ ನಾಲ್ಕಕ್ಕೆ ಕೊಡು ಅಂತೀಯಾ? ಎಂಟಾಣೆ ನಾನು ಕಳ್ಕೊಳ್ಳಲಾ?

ಮೊಮ್ಮಗಳು: ಯಾರೂ ಕಳ್ಕೊಳ್ಳೋದು ಬೇಡ. ಐದು ರೂಪಾಯಿಗೆ ಎಷ್ಟು ಸಕ್ಕರೆ ಬರುತ್ತೋ ಅಷ್ಟು ತೂಗು. ಬೆಂಕಿಕಡ್ಡಿಯವರು, ಹಾಲಿನವರು ಮಾಡಿದ್ದು ಅದನ್ನೇ ಅಲ್ವಾ? ಬಿಲ್ಲೆ ಒಡೆಯೋಕೆ ಆಗಲ್ಲ, ಸಕ್ಕರೆ ಸುರಿಯಬಹುದು.

ತಾತ: ಐದಕ್ಕೆ... ನಲವತ್ತೈದರಲ್ಲಿ ಒಂಬತ್ತನೇ ಒಂದು ಪಾಲು. ನೂರಹನ್ನೊಂದು ಗ್ರಾಂ.

ಮೊಮ್ಮಗಳು: ಅಷ್ಟೇ. ಹಲಗೆ ಮೇಲೂ ಹಾಗೇ ಬರೀ. ‘ಸಕ್ಕರೆ ಕಿಲೋಗೆ 45’ ಅನ್ನೋದರ ಕೆಳಗೆ ‘5 ರೂಪಾಯಿಗೆ 111 ಗ್ರಾಂ’.

ತಾತ: ಬರೀತೀನಿ. ಆದರೆ ನೂರಹನ್ನೊಂದು ಅಂತ ಯಾಕೆ? ನೂರಹದಿನೈದು ಹಾಕು.

ಮೊಮ್ಮಗಳು: ನಾಲ್ಕು ಗ್ರಾಂ ಜಾಸ್ತಿ ಆಗುತ್ತಲ್ಲ ತಾತ, ಲೆಕ್ಕ ತಪ್ಪುತ್ತೆ.

ತಾತ: ತಪ್ಪಲ್ಲ ಕಣೆ. ಅದು ಕೊಸರು.